ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ವಿಡಿಯೋ ಗೇಮ್ ಎಂಬ ಹೆಸರು ಕೇಳಿದೊಡನೆ ನಮ್ಮ ಮನೆಗಳಲ್ಲಿ ಮೊದಲು ಏಳುವುದು ಆತಂಕ. ಅದಕ್ಕೆ ಕಾರಣಗಳು ಇಲ್ಲದಿಲ್ಲ. ಊಟದ ತಟ್ಟೆಯ ಮುಂದೆ ಕೂತರೂ ಮೊಬೈಲ್ ಬಿಡದ ಮಕ್ಕಳು, ರಾತ್ರಿ ನಿದ್ದೆಗೆಟ್ಟು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸುವ ಹುಡುಗರು, ಆಟದ ಹೆಸರಲ್ಲಿ ಮನೆಯ ಹಣ ಕಳೆದುಕೊಂಡ ಯುವಕರು - ಇವೆಲ್ಲ ನಾವು ದಿನನಿತ್ಯ ಕೇಳುವ ಸಂಗತಿಗಳು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಗೇಮಿಂಗ್ ವ್ಯಸನಕ್ಕೂ ಒಂದು ಜಾಗ ಸಿಕ್ಕಿದೆ. 2025ರಲ್ಲಿ ನಮ್ಮ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನೇ ಅಂಗೀಕರಿಸಿತು. ಹೀಗಿರುವಾಗ ಹೆತ್ತವರ ಆತಂಕವನ್ನು ಹಳೆಯ ಕಾಲದವರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ.

ಇದೇ ಹೆತ್ತವರ ಕಿವಿಗೆ ಇನ್ನೊಂದು ದನಿಯೂ ಬೀಳುತ್ತಿರುತ್ತದೆ. ನಿಮ್ಮ ಮಗುವಿಗೆ ಆರನೇ ವಯಸ್ಸಿಗೇ ಕೋಡಿಂಗ್ ಕಲಿಸಿ, ಅದು ತಾನೇ ಗೇಮ್ ತಯಾರಿಸುತ್ತದೆ, ಅದರ ತರ್ಕಶಕ್ತಿ ಬೆಳೆಯುತ್ತದೆ, ನಾಳೆ ಕೋಟಿಗಟ್ಟಲೆ ದುಡಿಯುತ್ತದೆ ಎನ್ನುವ ದನಿ ಅದು. 2020ರ ಲಾಕ್‌ಡೌನ್ ದಿನಗಳಲ್ಲಿ ಇಂತಹ ಜಾಹೀರಾತುಗಳು ಟಿ.ವಿ.ಯಲ್ಲೂ ಮೊಬೈಲ್‌ನಲ್ಲೂ ತುಂಬಿ ತುಳುಕಿದವು. ಜಾಹೀರಾತುಗಳ ಗುಣಮಟ್ಟ ನೋಡಿಕೊಳ್ಳುವ ಮಂಡಳಿ ಆಕ್ಷೇಪಿಸಿದ ಬಳಿಕ ಅವುಗಳಲ್ಲಿ ಕೆಲವನ್ನು ಹಿಂತೆಗೆದುಕೊಳ್ಳಬೇಕಾಗಿಯೂ ಬಂತು.

ಒಂದು ದನಿ ಹೆದರಿಸುತ್ತದೆ, ಇನ್ನೊಂದು ಆಸೆ ಹುಟ್ಟಿಸುತ್ತದೆ. ಎರಡರ ನಡುವೆ ಒಂದು ಪ್ರಾಮಾಣಿಕ ಪ್ರಶ್ನೆ ಮಾತ್ರ ಕೇಳಿಸದಂತಾಗಿದೆ. ಬೇರೆಯವರು ಮಾಡಿದ ಆಟವನ್ನು ಮಕ್ಕಳು ಆಡುವುದು ಒಂದು. ತಮ್ಮದೇ ಆಟವನ್ನು ಯೋಚಿಸಿ, ನಿಯಮ ಹಾಕಿ, ಕಂಪ್ಯೂಟರ್‌ನಲ್ಲಿ ಕಟ್ಟುವುದು ಇನ್ನೊಂದು. ಈ ಎರಡನೆಯ ಕೆಲಸದಿಂದ ಮಕ್ಕಳು ನಿಜಕ್ಕೂ ಯೋಚಿಸುವುದನ್ನು ಕಲಿಯುತ್ತಾರೆಯೇ? ತಮ್ಮ ಮನಸ್ಸಿನಲ್ಲಿರುವುದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳುವುದನ್ನು ಕಲಿಯುತ್ತಾರೆಯೇ? ಈ ಪ್ರಶ್ನೆಗೆ ಸುಮಾರು ನಲವತ್ತು ವರ್ಷಗಳ ಇತಿಹಾಸವಿದೆ. ಜಾಹೀರಾತು ನಂಬುವ ಮೊದಲು, ಅಥವಾ ಮೊಬೈಲ್ ಕಿತ್ತುಕೊಳ್ಳುವ ಮೊದಲು, ಆ ಇತಿಹಾಸವನ್ನು ಒಮ್ಮೆ ಪರಿಶೀಲಿಸುವುದು ಒಳ್ಳೆಯದೆಂದು ನಮಗನಿಸುತ್ತದೆ.

ಆಮೆಗೆ ಪಾಠ ಹೇಳುವ ಮಕ್ಕಳು

ಕಥೆ ಶುರುವಾಗುವುದು ಸೀಮೋರ್ ಪ್ಯಾಪರ್ಟ್ ಅವರಿಂದ. 1928ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಹುಟ್ಟಿದ ಪ್ಯಾಪರ್ಟ್ ಯೌವನದಲ್ಲಿ ಅಲ್ಲಿನ ವರ್ಣಭೇದ ನೀತಿಯ ವಿರುದ್ಧ ದನಿಯೆತ್ತಿದವರು. ಗಣಿತಜ್ಞರಾದ ಅವರು ಜಿನೀವಾದಲ್ಲಿ ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಜೀನ್ ಪಿಯಾಜೆ ಅವರ ಜೊತೆ ಕೆಲವು ವರ್ಷ ಕೆಲಸ ಮಾಡಿದರು. ಬಳಿಕ ಅಮೆರಿಕದ ಎಂ.ಐ.ಟಿ.ಗೆ ಬಂದರು. 1967ರಲ್ಲಿ ಸಿಂಥಿಯಾ ಸಾಲಮನ್, ವಾಲಿ ಫೋಯರ್‌ಝೈಗ್ ಮೊದಲಾದವರೊಂದಿಗೆ ಸೇರಿ ಮಕ್ಕಳಿಗಾಗಿಯೇ 'ಲೋಗೋ' ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದರು. ಕಂಪ್ಯೂಟರ್ ಮಗುವಿಗೆ ಪಾಠ ಹೇಳುವ ಯಂತ್ರವಾಗಬಾರದು, ಮಗುವೇ ಕಂಪ್ಯೂಟರ್‌ಗೆ ಹೇಳಿಕೊಡುವಂತಾಗಬೇಕು ಎಂಬುದು ಅವರ ನಿಲುವು. 1980ರಲ್ಲಿ ಬಂದ 'ಮೈಂಡ್‌ಸ್ಟಾರ್ಮ್ಸ್' ಎಂಬ ಅವರ ಪುಸ್ತಕ ಇದೇ ವಿಚಾರವನ್ನು ಜಗತ್ತಿಗೆ ಮುಟ್ಟಿಸಿತು.

ಲೋಗೋದಲ್ಲಿ ಪರದೆಯ ಮೇಲೆ ಒಂದು ಪುಟ್ಟ ಆಮೆ ಇರುತ್ತದೆ. ಮುಂದೆ 100 ಹೆಜ್ಜೆ, ಬಲಕ್ಕೆ 90 ಡಿಗ್ರಿ ತಿರುಗು ಎಂದು ನಾಲ್ಕು ಸಲ ಹೇಳಿದರೆ ಅದು ಒಂದು ಚೌಕ ಬರೆಯುತ್ತದೆ. ಇನ್ನು ಸಮಬಾಹು ತ್ರಿಕೋನ ಬರೆಯಬೇಕು. ತ್ರಿಕೋನದ ಪ್ರತಿ ಕೋನ 60 ಡಿಗ್ರಿ ಎಂದು ಪುಸ್ತಕದಲ್ಲಿ ಓದಿದ ಮಗು ಮೂರು ಸಲ 60 ಡಿಗ್ರಿ ತಿರುಗು ಎನ್ನುತ್ತದೆ. ಆಮೆ ತ್ರಿಕೋನ ಬರೆಯುವುದಿಲ್ಲ. ಅರ್ಧ ಷಟ್ಕೋನ ಬರೆದು ನಿಂತುಬಿಡುತ್ತದೆ. ಏಕೆ? ಆಮೆ ತಿರುಗಬೇಕಾದದ್ದು ತ್ರಿಕೋನದ ಒಳಗಿನ ಕೋನದಷ್ಟಲ್ಲ, ಹೊರಗಿನ ಕೋನದಷ್ಟು, ಅಂದರೆ 120 ಡಿಗ್ರಿ. ಇದನ್ನು ಮಗು ತಾನೇ ಎದ್ದು ನಿಂತು, ಆಮೆಯಂತೆ ನಡೆದು, ತಿರುಗಿ ನೋಡಿ ಕಂಡುಕೊಳ್ಳಬಹುದು.

ಇಲ್ಲಿ ಗಮನಿಸಬೇಕಾದದ್ದು ಉತ್ತರವನ್ನಲ್ಲ, ತಪ್ಪಿನ ಸ್ಥಾನವನ್ನು. ನಮ್ಮ ಶಾಲೆಗಳಲ್ಲಿ ತಪ್ಪೆಂದರೆ ಕೆಂಪು ಶಾಯಿಯ ಗುರುತು, ಕಡಿಮೆ ಅಂಕ, ಕೆಲವೊಮ್ಮೆ ಬೆತ್ತ. ಲೋಗೋದಲ್ಲಿ ತಪ್ಪು ಎಂದರೆ ಕೆಲಸ ಇನ್ನೂ ಮುಗಿದಿಲ್ಲ ಎಂಬ ಸೂಚನೆ. ಅದನ್ನು ಹುಡುಕಿ ತಿದ್ದುವುದೇ ಪಾಠ. ಪ್ಯಾಪರ್ಟ್ ಅವರ ಚಿಂತನೆಯಲ್ಲಿ ಇಂದಿಗೂ ಬಾಡದೆ ಉಳಿದಿರುವುದು ಈ ಅಂಶ.

ಬೋಸ್ಟನ್‌ನ ಹದಿನಾರು ಮಕ್ಕಳು

1985ರಲ್ಲಿ ಪ್ಯಾಪರ್ಟ್ ಮತ್ತು ಸಂಗಡಿಗರು ಬೋಸ್ಟನ್ ನಗರದ ಹೆನಿಗನ್ ಎಂಬ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ 'ಪ್ರಾಜೆಕ್ಟ್ ಹೆಡ್‌ಲೈಟ್' ಎಂಬ ಪ್ರಯೋಗ ಆರಂಭಿಸಿದರು. ಅದು ಶ್ರೀಮಂತರ ಶಾಲೆಯಲ್ಲ. ಕಪ್ಪು ವರ್ಣೀಯರ ಹಾಗೂ ಸ್ಪ್ಯಾನಿಷ್ ಮಾತಾಡುವ ಕುಟುಂಬಗಳ ಮಕ್ಕಳು ಹೆಚ್ಚಾಗಿದ್ದ ಶಾಲೆ. ಕಂಪ್ಯೂಟರ್‌ಗಳನ್ನು ಬೀಗ ಹಾಕಿದ ಕೋಣೆಯಲ್ಲಿಡಲಿಲ್ಲ. ತರಗತಿಗಳ ನಡುವಿನ ತೆರೆದ ಜಾಗದಲ್ಲಿ ವೃತ್ತಾಕಾರವಾಗಿ ಜೋಡಿಸಿಟ್ಟರು. ಒಬ್ಬ ಹುಡುಗ ಏನು ಮಾಡುತ್ತಿದ್ದಾನೆಂದು ಹಾದುಹೋಗುವ ಇನ್ನೊಬ್ಬ ಇಣುಕಿ ನೋಡಬಹುದಿತ್ತು, ಕೇಳಬಹುದಿತ್ತು.

ಈ ಶಾಲೆಯಲ್ಲಿ ಇದಿತ್ ಹರೆಲ್ ಎಂಬ ಸಂಶೋಧಕಿ ನಾಲ್ಕನೇ ತರಗತಿಯ 17 ಮಕ್ಕಳಿಗೆ ಒಂದು ಕೆಲಸ ಕೊಟ್ಟರು. ಮೂರನೇ ತರಗತಿಯ ಮಕ್ಕಳಿಗೆ ಭಿನ್ನರಾಶಿ ಕಲಿಸುವ ಕಂಪ್ಯೂಟರ್ ಪಾಠವನ್ನು ಅವರೇ ತಯಾರಿಸಬೇಕು. ಭಿನ್ನರಾಶಿಯೆಂದರೆ ಅರ್ಧ, ಕಾಲು, ಮುಕ್ಕಾಲು. ಗಣಿತದಲ್ಲಿ ಮಕ್ಕಳು ಮೊದಲು ಎಡವುವ ಜಾಗವೇ ಅದು. ಹರೆಲ್ ತಮ್ಮ 'ಚಿಲ್ಡ್ರನ್ ಡಿಸೈನರ್ಸ್' (1991) ಪುಸ್ತಕದಲ್ಲಿ ಡೆಬಿ ಎಂಬ ಹೆಸರು ಕೊಟ್ಟು ಒಬ್ಬ ಹುಡುಗಿಯ ಕಲಿಕೆಯನ್ನು ವಿವರವಾಗಿ ದಾಖಲಿಸಿದ್ದಾರೆ. ಭಿನ್ನರಾಶಿ ಎಂದರೆ ವೃತ್ತವನ್ನು ಸೀಳಿ ಬಣ್ಣ ಹಚ್ಚುವುದಷ್ಟೇ ಎಂದುಕೊಂಡಿದ್ದ ಆಕೆ, ತನಗಿಂತ ಚಿಕ್ಕವರಿಗೆ ಅದನ್ನು ಹೇಗೆ ಹೇಳಲಿ ಎಂದು ಯೋಚಿಸುತ್ತಾ ಯೋಚಿಸುತ್ತಾ ಮನೆಯ ಚಿತ್ರ ಬರೆಯುತ್ತಾಳೆ. ಮನೆಯಲ್ಲಿ, ಅದರ ಸುತ್ತಮುತ್ತ, ಎಲ್ಲೆಲ್ಲೂ ಅರ್ಧಗಳಿವೆ ಎಂದು ತೋರಿಸುತ್ತಾಳೆ. ಭಿನ್ನರಾಶಿ ಪುಸ್ತಕದೊಳಗಿಲ್ಲ, ಲೋಕದೊಳಗಿದೆ ಎಂಬ ಅರಿವು ಆಕೆಗೆ ಬಂದದ್ದು ಇನ್ನೊಬ್ಬರಿಗೆ ಹೇಳಬೇಕಾದ ಹೊಣೆ ಹೆಗಲೇರಿದಾಗ.

ಇದೇ ದಾರಿಯಲ್ಲಿ ಮುಂದಿನ ಹೆಜ್ಜೆ ಇಟ್ಟವರು ಯಾಸ್ಮಿನ್ ಕಫಾಯ್. ಅವರು ಪಾಠದ ಬದಲು ಆಟವನ್ನೇ ಮಾಡಲು ಹೇಳಿದರು. ನಾಲ್ಕನೇ ತರಗತಿಯ 16 ಮಕ್ಕಳು ಸುಮಾರು ಆರು ತಿಂಗಳು ಲೋಗೋ ಬಳಸಿ, ಕಿರಿಯ ಮಕ್ಕಳಿಗೆ ಭಿನ್ನರಾಶಿ ಕಲಿಸುವ ವಿಡಿಯೋ ಗೇಮ್‌ಗಳನ್ನು ತಯಾರಿಸಿದರು. ಪ್ರತಿಯೊಬ್ಬರೂ ಒಂದು ನೋಟ್‌ಬುಕ್ ಇಟ್ಟು ಅಂದಿನ ಯೋಜನೆ, ಬಂದ ತೊಡಕು ಇತ್ಯಾದಿಗಳನ್ನು ಬರೆಯುತ್ತಿದ್ದರು. ಮೂರನೇ ತರಗತಿಯವರು ಬಂದು ಆಟವನ್ನು ಆಡಿ ನೋಡುತ್ತಿದ್ದರು. ಈ ಅನುಭವದ ಪುಸ್ತಕ 'ಮೈಂಡ್ಸ್ ಇನ್ ಪ್ಲೇ' 1995ರಲ್ಲಿ ಪ್ರಕಟವಾಯಿತು. ಆಟ ಕಟ್ಟುವುದರ ಮೂಲಕ ಕಲಿಕೆ ಎಂಬ ವಿಷಯದಲ್ಲಿ ಇಂದಿಗೂ ಇದು ಮೂಲಗ್ರಂಥವೆನಿಸಿದೆ. ಆದ್ದರಿಂದ ಅದರ ಗುಣದೋಷಗಳನ್ನು ತೂಗಿ ನೋಡುವುದು ಅಗತ್ಯ.

ಪುಸ್ತಕದ ದೊಡ್ಡ ಗುಣ ಅದರ ತಾಳ್ಮೆ. ಮಕ್ಕಳ ಕೆಲಸವನ್ನು ಕೊನೆಯ ಪರೀಕ್ಷೆಯ ಅಂಕಕ್ಕೆ ಇಳಿಸದೆ, ಅವರು ಹೇಗೆ ಶುರುಮಾಡಿದರು, ಎಲ್ಲಿ ಸಿಕ್ಕಿಕೊಂಡರು, ಯೋಜನೆಯನ್ನು ಯಾವಾಗ ಬದಲಿಸಿದರು ಎಂಬುದನ್ನು ಕಫಾಯ್ ಹಂತಹಂತವಾಗಿ ಗಮನಿಸುತ್ತಾರೆ. ಕೆಲವರು ಮೊದಲೇ ಪೂರ್ತಿ ನಕಾಶೆ ಹಾಕಿಕೊಂಡು ಹೊರಡುವವರು. ಇನ್ನು ಕೆಲವರು ಕೈಗೆ ಸಿಕ್ಕಿದ್ದರಿಂದ ಶುರುಮಾಡಿ ದಾರಿಯಲ್ಲೇ ದಾರಿ ಕಂಡುಕೊಳ್ಳುವವರು. ಒಂದೇ ವಿಧಾನ ಸರಿಯೆಂದು ಹಟ ಹಿಡಿಯದ ಈ ನೋಟ ಶಿಕ್ಷಕರಿಗೆ ತುಂಬ ಉಪಯುಕ್ತ.

ಆದರೆ ಪುಸ್ತಕವನ್ನು ಗಮನವಿಟ್ಟು ಓದಿದರೆ ಒಂದು ಕೊರತೆಯೂ ಕಾಣುತ್ತದೆ. ಅನೇಕ ಮಕ್ಕಳ ಆಟಗಳಲ್ಲಿ ಸಾಹಸ ಒಂದು ಕಡೆ, ಗಣಿತ ಇನ್ನೊಂದು ಕಡೆ ಉಳಿದುಬಿಟ್ಟಿದೆ. ನಾಯಕ ಮುಂದೆ ಹೋಗುತ್ತಾನೆ, ಯಾರೋ ಅಡ್ಡ ಬರುತ್ತಾರೆ, ಈ ಚಿತ್ರದ ಭಿನ್ನರಾಶಿ ಎಷ್ಟು ಎಂದು ಕೇಳುತ್ತಾರೆ, ಉತ್ತರ ಸರಿಯಾದರೆ ಬಾಗಿಲು ತೆರೆಯುತ್ತದೆ. ಭಿನ್ನರಾಶಿಯ ಜಾಗದಲ್ಲಿ ಕಾಗುಣಿತದ ಪ್ರಶ್ನೆ ಹಾಕಿದರೂ ಆಟ ಹಾಗೆಯೇ ನಡೆಯುತ್ತದೆ. ಟಾಮಸ್ ಮಲೋನ್ ಎಂಬ ಸಂಶೋಧಕರು 1980ರ ಸುಮಾರಿಗೇ ಈ ವ್ಯತ್ಯಾಸವನ್ನು ಗುರುತಿಸಿದ್ದರು: ಕಲಿಯಬೇಕಾದ ವಿಷಯ ಆಟದ ಕಥೆಯೊಳಗೇ ಬೆರೆತಿರಬೇಕು, ಹೊರಗಿನಿಂದ ಅಂಟಿಸಿದಂತಿರಬಾರದು. ದೊಡ್ಡವರು ಮಾಡಿದ ಶೈಕ್ಷಣಿಕ ಆಟಗಳಲ್ಲೂ ಇದೇ ದೋಷವಿದ್ದುದರಿಂದ ಒಂಬತ್ತು-ಹತ್ತು ವರ್ಷದ ಮಕ್ಕಳನ್ನು ದೂರುವಂತಿಲ್ಲ. ಆದರೆ ಆಟ ಮಾಡಿದರು, ಆದ್ದರಿಂದ ಗಣಿತ ಕಲಿತರು ಎಂದು ಒಂದೇ ಉಸಿರಿಗೆ ಹೇಳುವವರು ಈ ಮಾತನ್ನು ನೆನಪಿಡಬೇಕು. ಗಣಿತ ಆಟದ ಪ್ರಾಣವಾಗಬೇಕಿದ್ದರೆ ಯಾರಾದರೂ ಮಗುವಿನ ಪಕ್ಕ ಕೂತು, ಇಲ್ಲಿ ಅರ್ಧ ಎಂಬುದು ಏಕೆ ಬೇಕು ಎಂದು ಕೇಳಬೇಕಾಗುತ್ತದೆ.

ಇನ್ನೊಂದು ಸಂಗತಿ ಹೆಣ್ಣುಮಕ್ಕಳದು. ಗಂಡುಮಕ್ಕಳ ಆಟಗಳಲ್ಲಿ ಒಳ್ಳೆಯವರು-ಕೆಟ್ಟವರ ಕಾದಾಟ, ಕಲ್ಪನೆಯ ಲೋಕಗಳು ಹೆಚ್ಚು. ಉತ್ತರ ತಪ್ಪಿದರೆ ಆಟಗಾರನಿಗೆ ಸಾವು ಅಥವಾ ಪೆಟ್ಟು. ಹೆಣ್ಣುಮಕ್ಕಳ ಆಟಗಳು ಹೆಚ್ಚಾಗಿ ನಿತ್ಯ ಕಾಣುವ ಜಾಗಗಳಲ್ಲಿ ನಡೆಯುತ್ತವೆ. ತಪ್ಪಿದವರು ಮತ್ತೆ ಯತ್ನಿಸಬಹುದು. ಹೆಣ್ಣು-ಗಂಡುಗಳ ಸ್ವಭಾವವೇ ಹೀಗೆ ಎಂದು ಇದನ್ನು ಓದಿದವರು ತೀರ್ಪು ಕೊಟ್ಟುಬಿಡಬಹುದಿತ್ತು. ಕಫಾಯ್ ಅವರು ಅಲ್ಲಿಗೆ ನಿಲ್ಲಲಿಲ್ಲ ಎಂಬುದು ಮೆಚ್ಚತಕ್ಕ ವಿಷಯ. ಬಳಿಕ ವಿಜ್ಞಾನದ ವಿಷಯದ ಮೇಲೆ ಮಕ್ಕಳು ಮಾಡಿದ ಆಟಗಳನ್ನು ಹೋಲಿಸಿ ನೋಡಿ, ಅಲ್ಲಿ ಆ ವ್ಯತ್ಯಾಸಗಳು ಅಷ್ಟಾಗಿ ಕಾಣುವುದಿಲ್ಲ ಎಂದು 1998ರಲ್ಲಿ ಬರೆದರು. ಅಂದರೆ ಏನನ್ನು ಮಾಡಲು ಹೇಳುತ್ತೇವೆ, ಯಾವ ಸನ್ನಿವೇಶ ಕೊಡುತ್ತೇವೆ ಎಂಬುದರ ಮೇಲೆ ಮಕ್ಕಳ ಆಯ್ಕೆ ನಿಂತಿದೆ. ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಹಿಡಿಸುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಕಲಿತದ್ದು ಹೊರಗೆ ಬರುತ್ತದೆಯೇ?

ಇಷ್ಟಾದರೂ ಮೂಲಪ್ರಶ್ನೆ ಉಳಿಯುತ್ತದೆ. ಕಂಪ್ಯೂಟರ್ ಮುಂದೆ ಕಲಿತ ಯೋಚನೆ ಕಂಪ್ಯೂಟರ್ ಬಿಟ್ಟು ಎದ್ದ ಮೇಲೂ ಮಗುವಿನ ಜೊತೆ ಬರುತ್ತದೆಯೇ?

ಲೋಗೋದ ಉತ್ಸಾಹ ಉಕ್ಕುತ್ತಿದ್ದ ಕಾಲದಲ್ಲೇ, 1984ರಲ್ಲಿ, ನ್ಯೂಯಾರ್ಕ್‌ನ ಬ್ಯಾಂಕ್ ಸ್ಟ್ರೀಟ್ ಶಿಕ್ಷಣ ಕಾಲೇಜಿನ ರಾಯ್ ಪೀ ಮತ್ತು ಮಿಡಿಯನ್ ಕರ್ಲ್ಯಾಂಡ್ ಇದನ್ನು ಪರೀಕ್ಷೆಗೆ ಒಡ್ಡಿದರು. ಲೋಗೋ ಕಲಿತ ಮಕ್ಕಳಿಗೂ ಕಲಿಯದ ಮಕ್ಕಳಿಗೂ ಒಂದು ಸಾಮಾನ್ಯ ಕೆಲಸ ಕೊಟ್ಟರು: ತರಗತಿಯ ಸಣ್ಣಪುಟ್ಟ ಕೆಲಸಗಳನ್ನು ಕಡಿಮೆ ಓಡಾಟದಲ್ಲಿ ಮುಗಿಸಲು ಯೋಜನೆ ಹಾಕಿ. ವರ್ಷವಿಡೀ ಪ್ರೋಗ್ರಾಂ ಬರೆದ ಮಕ್ಕಳು ಉಳಿದವರಿಗಿಂತ ಚೆನ್ನಾಗಿ ಯೋಜನೆ ಹಾಕಲಿಲ್ಲ. ಈ ಫಲಿತಾಂಶ ದೊಡ್ಡ ಚರ್ಚೆಗೆ ಕಾರಣವಾಯಿತು. ಪ್ಯಾಪರ್ಟ್ ಅವರು 1987ರಲ್ಲಿ ಪ್ರತಿವಾದ ಹೂಡಿದರು. ಲೋಗೋ ಎಂಬುದು ಔಷಧಿಯಲ್ಲ, ಕೊಟ್ಟು ಪರಿಣಾಮ ಅಳೆಯಲು. ಅದೊಂದು ಸಂಸ್ಕೃತಿಯ ಭಾಗ, ಅದನ್ನು ಹೇಗೆ ಬಳಸುತ್ತಾರೆಂಬುದೇ ಮುಖ್ಯ ಎಂಬುದು ಅವರ ವಾದದ ಸಾರ.

ಪ್ಯಾಪರ್ಟ್ ಅವರ ಮಾತಿನಲ್ಲಿ ಹುರುಳಿದೆ. ಆದರೆ ಅದರಲ್ಲೊಂದು ಅಪಾಯವೂ ಇದೆ. ಫಲ ಬಂದಾಗ ಸಾಧನದ ಹಿರಿಮೆ, ಬಾರದಿದ್ದಾಗ ಬಳಸಿದವರ ತಪ್ಪು ಎಂದಾದರೆ ಯಾವ ವಿಚಾರವನ್ನೂ ಪರೀಕ್ಷಿಸಲು ಸಾಧ್ಯವಿಲ್ಲ. ಈ ಬಿಕ್ಕಟ್ಟಿಗೆ ಒಂದು ದಾರಿ ತೋರಿದವರು ಡೇವಿಡ್ ಕ್ಲಾರ್ ಮತ್ತು ಶರೋನ್ ಕಾರ್ವರ್. 1988ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ತಪ್ಪು ಹುಡುಕುವ ಕ್ರಮವನ್ನು ಮಕ್ಕಳಿಗೆ ಬಾಯಿಬಿಟ್ಟು ಕಲಿಸಲಾಯಿತು. ಏನು ಬರಬೇಕಿತ್ತು, ಏನು ಬಂತು? ವ್ಯತ್ಯಾಸ ಯಾವ ಬಗೆಯದು? ಇಂತಹ ವ್ಯತ್ಯಾಸಕ್ಕೆ ಯಾವ ಸೂಚನೆ ಕಾರಣವಿರಬಹುದು? ಅದು ಎಲ್ಲಿದೆ? ತಿದ್ದಿ ಮತ್ತೆ ನೋಡು. ಹೀಗೆ ಕಲಿತ ಮಕ್ಕಳು ಕಂಪ್ಯೂಟರ್‌ಗೆ ಸಂಬಂಧವೇ ಇಲ್ಲದ, ಕಾಗದದ ಮೇಲೆ ಬರೆದ ಸೂಚನೆಗಳಲ್ಲಿನ ತಪ್ಪುಗಳನ್ನೂ ಮೊದಲಿಗಿಂತ ಚೆನ್ನಾಗಿ ಹುಡುಕಿದರು.

ಇತ್ತೀಚಿನ ಲೆಕ್ಕವೂ ಹೆಚ್ಚುಕಡಿಮೆ ಇದೇ ದಿಕ್ಕಿನಲ್ಲಿದೆ. ರೊನಿ ಶೆರರ್ ಮತ್ತು ಸಂಗಡಿಗರು 2019ರಲ್ಲಿ 105 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಪ್ರೋಗ್ರಾಮಿಂಗ್ ಕಲಿತವರು ಪ್ರೋಗ್ರಾಮಿಂಗ್‌ಗೆ ಹತ್ತಿರದ ಕೌಶಲಗಳಲ್ಲಿ ಪಡೆದ ಲಾಭದ ಅಳತೆ 0.75, ದೂರದ ಕೌಶಲಗಳಲ್ಲಿ 0.47. ಸೃಜನಶೀಲ ಯೋಚನೆ, ಗಣಿತ ಮುಂತಾದವುಗಳಲ್ಲಿ ಪ್ರಯೋಜನ ಕಂಡಿದೆ. ಓದು-ಬರಹ ಹಾಗೂ ಶಾಲೆಯ ಒಟ್ಟು ಸಾಧನೆಯಲ್ಲಿ ಅಷ್ಟಾಗಿ ಕಂಡಿಲ್ಲ. ಏನೂ ಪ್ರಯೋಜನವಿಲ್ಲ ಎನ್ನುವವರಿಗೂ, ಎಲ್ಲ ರೋಗಕ್ಕೂ ಇದೇ ಮದ್ದು ಎನ್ನುವವರಿಗೂ ಈ ಅಂಕೆಗಳು ಒಗ್ಗುವುದಿಲ್ಲ. ನಮಗೆ ತಿಳಿಯುವುದಿಷ್ಟು: ಯೋಚನೆ ತಾನಾಗಿ ಹರಿದು ಬರುವುದಿಲ್ಲ, ಕಾಲುವೆ ತೋಡಬೇಕು. ತೋಡುವವರು ಶಿಕ್ಷಕರು.

ಹೇಳುವುದನ್ನು ಕಲಿಯುವುದು

ಯೋಚನೆಯ ಬಗ್ಗೆ ಇಷ್ಟು ಚರ್ಚೆಯಾದರೂ ಮಾತಿನ ಬಗ್ಗೆ ಚರ್ಚೆಯಾದದ್ದು ಕಡಿಮೆ. ನಮ್ಮ ದೃಷ್ಟಿಯಲ್ಲಿ ಆಟ ಕಟ್ಟುವ ಕೆಲಸದ ಹೆಚ್ಚಿನ ಲಾಭ ಇರುವುದು ಅಲ್ಲೇ.

ಕಂಪ್ಯೂಟರ್ ಒಬ್ಬ ವಿಚಿತ್ರ ಕೇಳುಗ. ಹೇಳಿದ್ದನ್ನು ಮಾಡುತ್ತದೆ, ಹೇಳಬೇಕೆಂದಿದ್ದುದನ್ನು ಮಾಡುವುದಿಲ್ಲ. ಅಮ್ಮನಿಗೆ ಅರ್ಧ ಮಾತು ಹೇಳಿದರೆ ಸಾಕು, ಉಳಿದರ್ಧವನ್ನು ಆಕೆ ಊಹಿಸಿಕೊಳ್ಳುತ್ತಾಳೆ. ಕಂಪ್ಯೂಟರ್‌ಗೆ ಆ ದಾಕ್ಷಿಣ್ಯವಿಲ್ಲ. ಹಾಗಾಗಿ ಮಗು ತನ್ನ ಮಾತನ್ನು ಬಿಡಿಬಿಡಿಯಾಗಿ, ಒಂದಾದ ಮೇಲೊಂದರಂತೆ ಇಡಲು ಕಲಿಯಬೇಕಾಗುತ್ತದೆ. ಆದರೆ ಆಟಕ್ಕೆ ಇನ್ನೊಬ್ಬ ಕೇಳುಗನೂ ಇದ್ದಾನೆ: ಅದನ್ನು ಆಡುವ ಮನುಷ್ಯ. ನಿಯಮ ಅವನಿಗೆ ತಿಳಿಯಬೇಕು, ತೀರಾ ಸುಲಭವಾದರೆ ಬೇಸರ, ತೀರಾ ಕಷ್ಟವಾದರೆ ಸಿಟ್ಟು. ಆಟ ಕಟ್ಟುವ ಮಗು ತನ್ನ ಜಾಗ ಬಿಟ್ಟು ಆಡುವವನ ಜಾಗದಲ್ಲಿ ಕೂರಬೇಕು. ತನಗೆ ಗೊತ್ತಿರುವುದು ಇನ್ನೊಬ್ಬನಿಗೆ ಗೊತ್ತಿಲ್ಲದಿರಬಹುದು ಎಂಬ ಅರಿವಿಲ್ಲದೆ ಯಾವ ಸಂವಹನವೂ ಇಲ್ಲ. ಹೆನಿಗನ್ ಶಾಲೆಯ ಪ್ರಯೋಗದಲ್ಲಿ ಮೂರನೇ ತರಗತಿಯ ಮಕ್ಕಳು ಬಂದು ಆಡಿ ನೋಡಿದ್ದು ಈ ಕಾರಣಕ್ಕೆ ಬಹಳ ಮುಖ್ಯ. ನಮ್ಮಲ್ಲಿ ಚಿಕ್ಕವರನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಸೇರಿಸಿಕೊಳ್ಳುತ್ತೇವೆ. ಅಲ್ಲಿ ಚಿಕ್ಕವರೇ ಲೆಕ್ಕಕ್ಕೆ ಬಂದರು, ಅಕ್ಷರಶಃ.

2007ರಲ್ಲಿ ಎಂ.ಐ.ಟಿ.ಯ ಮಿಚೆಲ್ ರೆಸ್ನಿಕ್ ಮತ್ತು ಸಂಗಡಿಗರು 'ಸ್ಕ್ರ್ಯಾಚ್' ಬಿಡುಗಡೆ ಮಾಡಿದ ಮೇಲೆ ಈ ಕೆಲಸ ಸುಲಭವಾಯಿತು. ಆಜ್ಞೆಗಳನ್ನು ಟೈಪ್ ಮಾಡಬೇಕಿಲ್ಲ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಸಾಕು. ಉಚಿತ ಬೇರೆ. ಲಾಸ್ ಏಂಜಲೀಸ್‌ನ ಬಡ ಬಡಾವಣೆಯೊಂದರ ಕೇಂದ್ರದಲ್ಲಿ ಶಾಲೆ ಬಿಟ್ಟ ಮೇಲೆ ಬರುತ್ತಿದ್ದ ಮಕ್ಕಳು 18 ತಿಂಗಳಲ್ಲಿ ಮಾಡಿದ 536 ಸ್ಕ್ರ್ಯಾಚ್ ಕೆಲಸಗಳನ್ನು ಸಂಶೋಧಕರು 2008ರಲ್ಲಿ ವಿಶ್ಲೇಷಿಸಿದರು. ಯಾರೂ ಪಾಠ ಮಾಡದಿದ್ದರೂ ಮಕ್ಕಳು ಪುನರಾವರ್ತನೆಯಂತಹ ಅಂಶಗಳನ್ನು ತಾವೇ ಕಂಡುಕೊಂಡಿದ್ದರು. ಆದರೆ ಚರಾಕ್ಷರ, ತರ್ಕದ ಜೋಡಣೆ ಮುಂತಾದ ಕಷ್ಟದ ವಿಚಾರಗಳು ಕಡಿಮೆ ಕೆಲಸಗಳಲ್ಲಿ ಕಂಡವು. ತಾನಾಗಿ ಕಲಿಯುವುದಕ್ಕೂ ಒಂದು ಎಲ್ಲೆಯಿದೆ ಎಂದು ಇಲ್ಲಿಯೂ ತಿಳಿಯುತ್ತದೆ.

ಸ್ಕ್ರ್ಯಾಚ್‌ನಲ್ಲಿ ಒಬ್ಬರ ಆಟವನ್ನು ಇನ್ನೊಬ್ಬರು ತೆಗೆದುಕೊಂಡು ಬದಲಾಯಿಸಬಹುದು. ಆಗ ಮೂಲ ಯಾರದೆಂದು ಕಂಪ್ಯೂಟರ್ ತಾನಾಗಿಯೇ ಹೆಸರು ಹಾಕುತ್ತದೆ. ಆದರೂ ಮಕ್ಕಳು, ನನ್ನದನ್ನು ಕದ್ದರು ಎಂದು ದೂರುತ್ತಿದ್ದರು. ಆಂದ್ರೆಸ್ ಮನ್ರಾಯ್-ಹೆರ್ನಾಂಡೆಸ್ ಮತ್ತು ಸಂಗಡಿಗರು 2011ರಲ್ಲಿ ಇದರ ಕಾರಣ ಹುಡುಕಿದರು. ಯಂತ್ರ ಹಾಕಿದ ಹೆಸರಿಗೆ ಮಕ್ಕಳು ಅಷ್ಟು ಬೆಲೆ ಕೊಡುವುದಿಲ್ಲ. ತೆಗೆದುಕೊಂಡವರು ತಾವೇ ಬರೆದು ಕೃತಜ್ಞತೆ ಹೇಳಿದರೆ ಅದಕ್ಕೆ ಬೆಲೆ. ಋಣ ಒಪ್ಪಿಕೊಳ್ಳುವುದನ್ನು ಯಂತ್ರಕ್ಕೆ ವಹಿಸಲಾಗದು, ಮನುಷ್ಯನೇ ಬಾಯಿಬಿಟ್ಟು ಹೇಳಬೇಕು ಎಂಬ ಈ ಪಾಠ ದೊಡ್ಡವರಿಗೂ ಬೇಕಾದದ್ದೇ. ಕಫಾಯ್ ಅವರು ಕ್ವಿನ್ ಬರ್ಕ್ ಜೊತೆ 2014ರಲ್ಲಿ ಬರೆದ 'ಕನೆಕ್ಟೆಡ್ ಕೋಡ್' ಪುಸ್ತಕದಲ್ಲಿ ಗಣಕ ಚಿಂತನೆಗಿಂತ ಗಣಕದ ಮೂಲಕ ಸಮಾಜದಲ್ಲಿ ಪಾಲ್ಗೊಳ್ಳುವುದು ಮುಖ್ಯ ಎಂಬ ನಿಲುವಿಗೆ ಬಂದಿರುವುದು ಸಹಜವಾಗಿಯೇ ಇದೆ. ಒಬ್ಬಂಟಿ ಮಗು, ಒಂದು ಪರದೆ ಎಂಬ ಚಿತ್ರದಿಂದ ಅವರು ಬಹಳ ದೂರ ಬಂದಿದ್ದಾರೆ.

ನಮ್ಮ ಮಕ್ಕಳ ಪಾಲು

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಿಂದ, ಅಂದರೆ ಆರನೇ ತರಗತಿಯಿಂದ, ಕೋಡಿಂಗ್ ಚಟುವಟಿಕೆಗಳನ್ನು ತರಬೇಕೆಂದು ಹೇಳಿದೆ. ಒಳ್ಳೆಯದೇ. ಆದರೆ ಕೇಂದ್ರ ಸರಕಾರದ 2023-24ರ ಅಂಕಿಅಂಶಗಳ ಪ್ರಕಾರ ದೇಶದ ಶಾಲೆಗಳಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಇದ್ದದ್ದು ಶೇ. 57ರಷ್ಟು ಕಡೆ ಮಾತ್ರ. ಇದ್ದ ಕಡೆಯೂ ಅದು ಮಕ್ಕಳ ಕೈಗೆ ಸಿಗುತ್ತದೆಯೇ, ಬೀಗ ಹಾಕಿದ ಕೋಣೆಯಲ್ಲಿ ಹೊದಿಕೆ ಹೊದ್ದು ಕೂತಿದೆಯೇ ಎಂಬುದನ್ನು ಶಿಕ್ಷಕರೇ ಹೇಳಬೇಕು. ಹೀಗಾದಾಗ ಆಟ ಕಟ್ಟುವ ವಿದ್ಯೆ ಹಣ ಕೊಟ್ಟು ಕಲಿಯಬಲ್ಲವರ ಮನೆಯ ಸ್ವತ್ತಾಗುತ್ತದೆ. ಉಳಿದವರ ಮಕ್ಕಳಿಗೆ ಆಡುವ ಚಟ ಮಾತ್ರ ಉಳಿಯುತ್ತದೆ. ಬೋಸ್ಟನ್‌ನಲ್ಲಿ ಈ ಪ್ರಯೋಗ ಶುರುವಾದದ್ದು ಬಡವರ ಮಕ್ಕಳ ಸರಕಾರಿ ಶಾಲೆಯಲ್ಲಿ ಎಂಬುದನ್ನು ನಾವು ಮರೆಯಬಾರದು.

ಭಾಷೆಯ ಪ್ರಶ್ನೆಯೂ ಇದೆ. ನಿಯಮ ಬರೆಯುವುದು, ವಾದಿಸುವುದು, ಏಕೆ ಹೀಗೆ ಮಾಡಿದೆ ಎಂದು ವಿವರಿಸುವುದು ಮಗುವಿಗೆ ತನ್ನ ಮಾತಿನಲ್ಲೇ ಮೊದಲು ಬರಬೇಕು. ನೆರೆಯ ಕೇರಳ 2001ರಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆ ಆರಂಭಿಸಿ, ಸ್ವತಂತ್ರ ತಂತ್ರಾಂಶಗಳನ್ನು ಬಳಸುತ್ತಾ, 2018ರಲ್ಲಿ 'ಲಿಟ್ಲ್ ಕೈಟ್ಸ್' ಎಂಬ ಮಕ್ಕಳ ಕೂಟಗಳನ್ನು ಸರಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳಲ್ಲಿ ಕಟ್ಟಿತು. ಅಲ್ಲಿ ಮಕ್ಕಳು ಸ್ಕ್ರ್ಯಾಚ್ ಕಲಿಯುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಆ ರಾಜ್ಯ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಕೊಡುತ್ತದೆ. ಗಡಿಯಾಚೆಗಿನ ಕನ್ನಡದ ಮಕ್ಕಳ ಈ ಅನುಭವವನ್ನು ಕರ್ನಾಟಕದ ಶಿಕ್ಷಣ ಇಲಾಖೆ ಹೋಗಿ ನೋಡಿ ಬರಲು ಅಡ್ಡಿಯೇನಿದೆ?

ಕಂಪ್ಯೂಟರ್ ಬರುವವರೆಗೆ ಕೈಕಟ್ಟಿ ಕೂರಬೇಕೆಂದೂ ಇಲ್ಲ. ಚೌಕಾಬಾರದ ಮನೆಗಳನ್ನು ನೆಲದ ಮೇಲೆ ಬರೆದು, ಒಂದು ನಿಯಮ ಬದಲಿಸಿದರೆ ಆಟ ಏನಾಗುತ್ತದೆ ಎಂದು ಕೇಳಬಹುದು. ಚೆನ್ನೆಮಣೆಯ ಗುಳಿಗಳನ್ನು ಕಡಿಮೆ ಮಾಡಿದರೆ ಯಾರಿಗೆ ಅನುಕೂಲ? ಹೊಸ ನಿಯಮವನ್ನು ಹಾಳೆಯಲ್ಲಿ ಬರೆದು ಪಕ್ಕದ ತರಗತಿಗೆ ಕಳಿಸಿ, ಬರೆದವರು ಬಾಯಿ ತೆರೆಯದೆ ನಿಂತು, ಓದಿದವರು ಆಡುವುದನ್ನು ನೋಡಲಿ. ಬರೆದದ್ದು ಎಲ್ಲಿ ತಿಳಿಯಲಿಲ್ಲ ಎಂಬುದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಕಂಪ್ಯೂಟರ್ ಕೊಡುವ ನಿಖರತೆಯ ಶಿಸ್ತು ಇದರಲ್ಲಿ ಪೂರ್ತಿ ಇಲ್ಲ, ನಿಜ. ಆದರೆ ಯೋಚಿಸುವುದು, ಹೇಳುವುದು, ತಪ್ಪು ಹುಡುಕುವುದು, ಮತ್ತೆ ತಿದ್ದುವುದು - ಇಷ್ಟೂ ಇದೆ.

ಹೆತ್ತವರಿಗೆ ನಮ್ಮ ಮಾತು ಇಷ್ಟೇ. ಮಗು ಆಟ ಮಾಡಿದ್ದೇನೆ ಎಂದು ತಂದು ತೋರಿಸಿದರೆ, ಎಷ್ಟು ಅಂಕ ಬಂತು ಎಂದು ಕೇಳಬೇಡಿ. ಕೂತು ಆಡಿ. ಎಲ್ಲಿ ತಿಳಿಯಲಿಲ್ಲವೋ ಅಲ್ಲಿ ನಿಲ್ಲಿಸಿ, ಇದೇನು ಎಂದು ಕೇಳಿ. ಅದು ವಿವರಿಸಲು ತಡವರಿಸಿದಾಗ ನೀವೇ ವಾಕ್ಯ ಪೂರ್ತಿ ಮಾಡಬೇಡಿ, ಕಾಯಿರಿ. ಸಾವಿರಾರು ರೂಪಾಯಿ ಕೊಟ್ಟು ಸೇರಿಸಿದ ಕೋಡಿಂಗ್ ತರಗತಿಯಲ್ಲೂ ಕೆಲವೊಮ್ಮೆ ಸಿಗದ ವಸ್ತು ಈ ಕಾಯುವಿಕೆ. ಸರಕಾರಕ್ಕೆ ಹೇಳಬೇಕಾದದ್ದು ಇನ್ನೂ ಸರಳ: ಯಂತ್ರ ಕೊಳ್ಳುವ ಟೆಂಡರ್‌ಗೆ ತೋರಿಸುವ ಉತ್ಸಾಹದ ಒಂದು ಪಾಲನ್ನು ಶಿಕ್ಷಕರ ತರಬೇತಿಗೆ ತೋರಿಸಿ. ಹೆನಿಗನ್ ಶಾಲೆಯಲ್ಲಿ ಮಕ್ಕಳ ಪಕ್ಕದಲ್ಲಿ ಕೇಳುವವರು ಇದ್ದರು. ನಮ್ಮ ಸರಕಾರಿ ಶಾಲೆಯ ಮಕ್ಕಳಿಗೂ ಹಾಗೆ ಕೇಳುವ ಒಬ್ಬರು ಬೇಕು.